ಸೀಮ್ ಉಂಡ ಮನೆ

ನೇಲ್ಚೆ ಕೌಪರ್ ಕೋಸು ಬೆಳೆಯುವವನ ಮಗಳು, ಕೋಸು ಬೆಳೆಯುವವನ ಹೆಂಡತಿ. ಹಾಲೆಂಡಿನ ನೂರ್ಡ್‌ಹೌಟಿನಲ್ಲಿ ಹುಟ್ಟಿದವರಿಗೆ ಬೇರೆ ದಾರಿಯೂ ಇರಲಿಲ್ಲ. ಹೊಲದ ಸುತ್ತ ಕಾಲುವೆ, ಕಾಲುವೆಯಲ್ಲಿ ದೋಣಿ, ದೋಣಿ ತುಂಬ ಕೋಸು. ಹದಿಮೂರಕ್ಕೆ ಶಾಲೆ ಬಿಟ್ಟು ಕೋಸಿನ ಕೊಟ್ಟಿಗೆಗೆ ಹೋದಳು. ಚಳಿಗಾಲವೆಲ್ಲ ಅಲ್ಲಿ ಕೂತು ಕೊಳೆತ ಹೊರಗಿನ ಎಲೆ ಕುಯ್ದು ತೆಗೆಯುವುದು, ಒಳಗಿನ ಗಟ್ಟಿ ಉಂಡೆಯನ್ನು ಉಳಿಸುವುದು. ಎದುರಿಗೆ ಕೂತು ಅದೇ ಕೆಲಸ ಮಾಡುತ್ತಿದ್ದವನು ಸೀಮ್. ಅವನು ಒಂದು ಕೋಸು ಬಿಡಿಸುವಷ್ಟರಲ್ಲಿ ಇವಳು ಎರಡು ಮುಗಿಸುತ್ತಿದ್ದಳು.

"ಯಾಕೆ ಇಷ್ಟು ನಿಧಾನ ನೀನು?" ಎಂದು ಕೇಳಿದಳು ಒಂದು ದಿನ.

"ಬೇಗ ಮುಗಿಸಿದ್ರೆ ಮನೆಗೆ ಕಳಿಸ್ತಾರೆ. ಆಮೇಲೆ ನಿನ್ನ ಯಾರು ನೋಡ್ತಾರೆ?" ಎಂದ.

ಅಷ್ಟಕ್ಕೇ ಮದುವೆಯಾದಳು. ಆಮೇಲೆ ತಿಳಿಯಿತು, ನಿಧಾನಕ್ಕೆ ಕಾರಣ ಅವಳಲ್ಲ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಹುಡುಗನಾಗಿದ್ದಾಗ ಗಂಟಲು ನೋವು ಬಂದು, ಕೀಲುಗಳು ಊದಿ, ಒಂದು ಬೇಸಿಗೆಯೆಲ್ಲ ಜ್ವರದಲ್ಲಿ ಮಲಗಿದ್ದನಂತೆ. ಜ್ವರ ಹೋಯಿತು, ಹೃದಯದಲ್ಲಿ ಗಾಯ ಬಿಟ್ಟು ಹೋಯಿತು. ಸೀಮ್ ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ಅವನಿಗೆ ಮೊದಲಿನಿಂದಲೂ ಸಲೀಸು.

ದೋಣಿಗಳು ಹೋಗಿ ಟ್ರಾಕ್ಟರ್ ಬಂದವು. ಮಗಳು ಆನ್ನೆಕೆ ದೊಡ್ಡವಳಾಗಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಐವತ್ತು ದಾಟಿದ ಮೇಲೆ ಸೀಮ್ ಕೊಟ್ಟಿಗೆಯ ಏಣಿ ಹತ್ತಲಾರದೆ ಅರ್ಧಕ್ಕೇ ನಿಂತ. ಮೇಲೂ ಹೋಗಲಾರ, ಕೆಳಗೂ ಇಳಿಯಲಾರ. ತುಟಿ ನೀಲಿಯಾಗಿತ್ತು. ನೇಲ್ಚೆಯೇ ಹಿಂದಿನಿಂದ ಅವನ ಸೊಂಟ ಹಿಡಿದು ಇಳಿಸಿದಳು.

ಆಮ್ಸ್ಟರ್‌ಡಾಮಿನ ಆಸ್ಪತ್ರೆಯಲ್ಲಿ ಡಾಕ್ಟರು ನೀರಿನ ಊರಿನವರಿಗೆ ಅರ್ಥವಾಗುವ ಹಾಗೆ ಹೇಳಿದರು. "ತೂಬಿನ ಬಾಗಿಲು ಇದೆಯಲ್ಲ, ಹಾಗೆ ಹೃದಯದಲ್ಲೂ ಬಾಗಿಲುಗಳಿರುತ್ತವೆ. ನಿಮ್ಮದೊಂದು ಬಾಗಿಲು ಗಂಟುಕಟ್ಟಿ ಪೂರ್ತಿ ತೆರೆಯುತ್ತಿಲ್ಲ. ತೆಗೆದು ಹೊಸದು ಹಾಕಬೇಕು."

ಹಾಕುವುದಕ್ಕೆ ಎರಡು ಬಗೆ ಇತ್ತು. ಹಂದಿಯ ಹೃದಯದ್ದು ಒಂದು. ಅದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಆಗ ಎದೆಯನ್ನು ಮತ್ತೆ ತೆರೆಯಬೇಕು. ಇನ್ನೊಂದು ಯಂತ್ರದ್ದು, ಎರಡು ಪುಟ್ಟ ರೆಕ್ಕೆಗಳದ್ದು. ಅದು ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗದಿರಲು ರಕ್ತ ತೆಳುವಾಗಿಸುವ ಮಾತ್ರೆಯನ್ನು ಸಾಯುವವರೆಗೂ ನುಂಗಬೇಕು.

ಸೀಮ್ ಹೆಂಡತಿಯ ಕಡೆ ನೋಡಿದ. "ನೀನೇ ಹೇಳು."

"ಗಟ್ಟಿಯಾದ್ದು ಹಾಕಿ," ಎಂದಳು ನೇಲ್ಚೆ. "ಇವನ ಎದೆ ಪದೇ ಪದೇ ತೆಗೆಯೋಕೆ ಅದೇನು ಕೊಟ್ಟಿಗೆ ಬಾಗಿಲಾ?"

ಎದೆಯ ಮೂಳೆ ಕುಯ್ದರು. ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದಲ್ಲಿ ಓಡಿಸಿ, ಕೆಟ್ಟದ್ದನ್ನು ತೆಗೆದು ಹೊಸದನ್ನು ಹೊಲಿದರು. ಹೃದಯವನ್ನು ಮತ್ತೆ ಓಡಿಸಿ, ಮೂಳೆಯನ್ನು ತಂತಿಯಿಂದ ಬಿಗಿದರು. ನೇಲ್ಚೆ ಹೊರಗೆ ಕುರ್ಚಿಯಲ್ಲಿ ಕೂತಿದ್ದಳು. ಬೈಬಲ್ ತಂದಿದ್ದಳು, ತೆರೆಯಲಿಲ್ಲ. ಡಾಕ್ಟರು ಬಂದು ಎಲ್ಲ ಸರಿಯಾಗಿದೆ ಎಂದಾಗ ಅವಳಿಗೆ ಅಳು ಬರಲಿಲ್ಲ, ಹಸಿವಾಯಿತು.

ಸೀಮ್ ಮನೆಗೆ ಬಂದ. ಮನೆಯಲ್ಲಿ ಎಲ್ಲರೂ ಸುಮ್ಮನಿದ್ದರೆ ಅವನ ಎದೆಯಿಂದ ಟಿಕ್ ಟಿಕ್ ಎಂದು ಕೇಳುತ್ತಿತ್ತು. ತಗಡಿನ ಡಬ್ಬಿಯಲ್ಲಿ ಜೇಬುಗಡಿಯಾರ ಇಟ್ಟ ಹಾಗೆ. ಅವನ ಜೊತೆ ಬಿಲಿಯರ್ಡ್ಸ್ ಆಡುವ ಗೆಳೆಯ ಕೇಸ್ ಅವನನ್ನು ನೋಡಲು ಬಂದು, ಕಿವಿಗೊಟ್ಟು ಕೇಳಿ ನಕ್ಕ.

"ಸೀಮ್, ಇನ್ನು ನೀನು ಕಳ್ಳತನಕ್ಕೆ ಹೋಗೋ ಹಾಗಿಲ್ಲ ಕಣೋ. ನಾಯಿಗಿಂತ ಮೊದಲು ನೀನೇ ಬೊಗಳ್ತೀಯ."

ನೇಲ್ಚೆಗೆ ಆ ಸದ್ದು ಬೇಕಿತ್ತು. ಅದು ಕೇಳಿಸುತ್ತಿದ್ದರೆ ಗಂಡ ಇದ್ದಾನೆ ಎಂದು ಅರ್ಥ. ಅಡುಗೆಮನೆಯಲ್ಲಿದ್ದರೂ ಅವಳ ಒಂದು ಕಿವಿ ಅವನ ಕಡೆಗೇ ಇರುತ್ತಿತ್ತು.

ರಕ್ತ ನೋಡುವುದಕ್ಕೆ ರಿಯಾ ಎಂಬ ನರ್ಸು ಮನೆಗೇ ಬರುತ್ತಿದ್ದಳು. ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಹೋಗುವಳು. ರಕ್ತ ಎಷ್ಟು ತೆಳು ಇದೆ ನೋಡಿ, ಎಷ್ಟು ಮಾತ್ರೆ ನುಂಗಬೇಕು ಎಂದು ಆಸ್ಪತ್ರೆಯಿಂದ ತಿಳಿಸುತ್ತಿದ್ದರು. ಮೊದಲ ದಿನವೇ ರಿಯಾ ಹೇಳಿದ್ದಳು:

"ಹಸಿರು ಸೊಪ್ಪು ಜಾಸ್ತಿಯಾದ್ರೆ ಮಾತ್ರೆ ಕೆಲಸ ಮಾಡಲ್ಲ, ರಕ್ತ ಗಟ್ಟಿ ಆಗತ್ತೆ. ಅದ್ರಲ್ಲೂ ಗುಂಗುರು ಕೋಸು ಎಲ್ಲಕ್ಕಿಂತ ಹೆಚ್ಚು. ಬಿಟ್ಟೇಬಿಡಿ ಅಂತಲ್ಲ. ವಾರ ವಾರವೂ ಒಂದೇ ಅಳತೆ ಇರ್ಲಿ. ನನಗೆ ಹೇಳಿ ತಿನ್ನಿ."

ರಿಯಾ ಪಟ್ಟಣದವಳು. ನೇಲ್ಚೆಯ ಚರ್ಚಿನವರಿಗೆ ಅಳತೆ ಎಂಬುದು ಗೊತ್ತಿಲ್ಲ. ಭಾನುವಾರ ಹೊಲಿಗೆ ಸೂಜಿ ಮುಟ್ಟಬಾರದು ಎಂದರೆ ಮುಟ್ಟಬಾರದು, ಒಂದು ಗುಂಡಿ ಹೊಲಿದುಕೊಳ್ಳಬಹುದು ಎಂದಿಲ್ಲ. ನೇಲ್ಚೆ ಹಿತ್ತಲಿಗೆ ಹೋಗಿ ಗುಂಗುರು ಕೋಸಿನ ಸಾಲನ್ನು ಬೇರುಸಹಿತ ಕಿತ್ತು ಹಾಕಿದಳು. ಸುರುಳಿಸುರುಳಿ ಎಲೆಯ ಆ ಕಡುಹಸಿರು ಕೋಸನ್ನು ಮೊದಲ ಹಿಮ ಬಿದ್ದ ಮೇಲೆ ಕುಯ್ಯುತ್ತಾರೆ. ಹಿಮ ತಗುಲಿದರೆ ಸಿಹಿಯಾಗುತ್ತದೆ. ಆಲೂಗಡ್ಡೆ ಜೊತೆ ಬೇಯಿಸಿ ಕಿವುಚಿ, ನಡುವೆ ಗುಳಿ ಮಾಡಿ ಕೊಬ್ಬಿನ ರಸ ಹೊಯ್ದು, ಮೇಲೆ ಹೊಗೆ ಹಾಕಿದ ಸಾಸೇಜ್ ಇಟ್ಟರೆ ಆ ಊರಿನವನಿಗೆ ಚಳಿಗಾಲ ಬಂತು ಎಂದು ಅರ್ಥ. ಸೀಮ್‌ಗೆ ಅದು ಜೀವ. ನೇಲ್ಚೆಗೂ ಜೀವವೇ. ಅವಳೂ ಬಿಟ್ಟಳು. ಗಂಡ ತಿನ್ನದ್ದನ್ನು ಹೆಂಡತಿ ಮುಚ್ಚಿಟ್ಟು ತಿನ್ನುವುದು ಅವಳಿಗೆ ಹೇಸಿಗೆ.

ಹಿಮ ಬಿದ್ದ ವಾರ ಊರಿನ ಎಲ್ಲ ಮನೆಗಳಿಂದ ಆ ವಾಸನೆ ಬರುತ್ತಿತ್ತು. ನೇಲ್ಚೆ ಕಿಟಕಿ ಹಾಕಿಕೊಂಡು ಕ್ಯಾರೆಟ್ ಬೇಯಿಸುತ್ತಿದ್ದಳು. ಕಾಲುವೆಯ ಆಚೆ ಅವಳ ಅಕ್ಕ ಟ್ರೀನ್ ಇದ್ದಳು. ಗಂಡ ಸತ್ತು ಒಬ್ಬಳೇ. ಎರಡು ಮನೆಯ ನಡುವೆ ಒಂದು ಮರದ ಸೇತುವೆ.

"ಒಂದು ತಟ್ಟೆ ತಿಂದ್ರೆ ಸಾಯ್ತಾನಾ?" ಎಂದಿದ್ದಳು ಟ್ರೀನ್. "ನೀನು ಪಾದ್ರಿಗಿಂತ ಕಡೆಯಾದೆ."

"ನಿನ್ನ ಗಂಡನಾಗಿದ್ರೆ ನೀನು ಹಾಕು. ನನ್ನೋನಿಗೆ ಹಾಕಲ್ಲ."

ಮೊದಲ ಎರಡು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಚಳಿಗಾಲ ಬಂತೆಂದರೆ ಸೀಮ್‌ನ ರಕ್ತ ಹುಚ್ಚು ಹಿಡಿದ ಹಾಗೆ ಆಡತೊಡಗಿತು. ಒಂದು ಸಲ ಗಟ್ಟಿ. ಮಾತ್ರೆ ಹೆಚ್ಚಿಸಿದರೆ ಮುಂದಿನ ಸಲ ನೀರಿನ ಹಾಗೆ, ತೋಳ ಮೇಲೆಲ್ಲ ನೀಲಿ ಕಲೆ. ಮಾತ್ರೆ ಕಡಿಮೆ ಮಾಡಿದರೆ ಮತ್ತೆ ಗಟ್ಟಿ.

"ಈ ವಾರ ಏನು ಅಡುಗೆ ಮಾಡಿದ್ರಿ?" ಎಂದು ಕೇಳುತ್ತಿದ್ದಳು ರಿಯಾ.

"ಆಲೂಗಡ್ಡೆ. ಟರ್ನಿಪ್. ಹೂಕೋಸು."

"ಮತ್ತೆ?"

"ಮತ್ತೆ ಏನೂ ಇಲ್ಲ."

"ಸೊಪ್ಪು ಏನೂ ಹಾಕಿರಲಿಲ್ವಾ? ಯೋಚನೆ ಮಾಡಿ ಹೇಳಿ, ನೇಲ್ಚೆ ಅವರೇ. ನಾನೇನು ಬೈಯಲ್ಲ."

ನಾನೇನು ಬೈಯಲ್ಲ ಎಂಬುದೇ ಬೈಗುಳ. ಸೀಮ್ ಎದುರಿಗೇ ಕೂತು ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದ. ಕಿಟಕಿಯಾಚೆ ಬಾತುಕೋಳಿ ನೋಡುತ್ತಿದ್ದ.

ಊರಿನ ಡಾಕ್ಟರು ಅವಳನ್ನು ಕರೆಸಿ ಕೂರಿಸಿ ಮಗುವಿಗೆ ಹೇಳಿದ ಹಾಗೆ ಹೇಳಿದರು. ಆನ್ನೆಕೆ ಫೋನಿನಲ್ಲಿ ರೇಗಿದಳು. "ಅಮ್ಮ, ನಿನಗೆ ಅರ್ಥ ಆಗದಿದ್ರೆ ಕೇಳು. ಅಪ್ಪನ ಜೀವದ ಜೊತೆ ಆಟ ಆಡ್ಬೇಡ." ನೇಲ್ಚೆ ಬಟಾಣಿ ಬಿಟ್ಟಳು. ಹುರುಳಿಕಾಯಿ ಬಿಟ್ಟಳು. ಸಾರಿನ ಮೇಲೆ ಉದುರಿಸುವ ಚೂರು ಸೊಪ್ಪನ್ನೂ ಬಿಟ್ಟಳು. ಮನೆಯ ಊಟವೆಲ್ಲ ಬೆಳ್ಳಗಾಯಿತು.

"ಆಸ್ಪತ್ರೆ ಗೋಡೆ ನೆಕ್ಕಿದ ಹಾಗಿದೆ," ಎಂದ ಸೀಮ್.

"ನೆಕ್ಕು. ಬದುಕಿರ್ತೀಯ."

ಗುರುವಾರ ಸಂಜೆ ಸೀಮ್ ಬಿಲಿಯರ್ಡ್ಸ್‌ಗೆ ಹೋಗುತ್ತಿದ್ದ. ಅವತ್ತು ಮನೆಯಲ್ಲಿ ರಾತ್ರಿಯೂಟದ ಬ್ರೆಡ್ ಮುಟ್ಟುತ್ತಿರಲಿಲ್ಲ. ಕೆಫೆಯಲ್ಲೇ ಏನೋ ತಿಂದುಕೊಳ್ಳುತ್ತೇನೆ ಎನ್ನುವನು. ತಿರುಗಿ ಬಂದಾಗ ಬಾಯಿಂದ ಪೆಪ್ಪರ್‌ಮಿಂಟ್ ವಾಸನೆ. ಒಂದು ಗುಟುಕು ಜೆನೆವರ್ ಸಾರಾಯಿ ಕುಡಿದಿರಬೇಕು, ಅದನ್ನು ಮುಚ್ಚುವುದಕ್ಕೆ ಪೆಪ್ಪರ್‌ಮಿಂಟ್ ಎಂದುಕೊಂಡಳು ನೇಲ್ಚೆ. ಇರಲಿ, ಗಂಡಸು, ಎಲ್ಲವನ್ನೂ ಕಿತ್ತುಕೊಂಡರೆ ಹೇಗೆ ಎಂದು ಸುಮ್ಮನಾದಳು. ತಾನು ದೊಡ್ಡ ಮನಸ್ಸು ಮಾಡಿದೆ ಎಂದೇ ತಿಳಿದಿದ್ದಳು.

ಹೀಗೇ ವರ್ಷಗಳು ಹೋದವು. ಒಂದು ನವೆಂಬರಿನಲ್ಲಿ ಆನ್ನೆಕೆಗೆ ಎರಡನೆಯ ಮಗು ಹುಟ್ಟಿತು. ಅವಳೂ ಚಿಕ್ಕವಳಲ್ಲ, ಹೆರಿಗೆ ಕಷ್ಟವಾಗಿತ್ತು. ನೇಲ್ಚೆ ಹೋಗಲೇಬೇಕಾಯಿತು. ಹೋಗುವ ಮುಂಚೆ ಗಂಡನಿಗೆಂದು ಅಡುಗೆ ಮಾಡಿ, ಡಬ್ಬಿಗಳಲ್ಲಿ ತುಂಬಿ, ಫ್ರೀಜರಿನಲ್ಲಿ ಒಂದರ ಮೇಲೊಂದು ಜೋಡಿಸಿದಳು. ದಿನಕ್ಕೊಂದು ತೆಗೆದು ಬಿಸಿ ಮಾಡಿಕೊ ಎಂದಳು. ಎರಡು ವಾರ ಕಳೆದು ಬಂದಾಗ ಡಬ್ಬಿಗಳೆಲ್ಲ ಖಾಲಿ. ತೊಳೆದು ಒರೆಸಿ ಬೋರಲು ಹಾಕಿದ್ದ.

"ಚೆನ್ನಾಗಿತ್ತಾ?"

"ಹೂಂ."

ನೇಲ್ಚೆಗೆ ಸಂತೋಷವಾಯಿತು. ಡಬ್ಬಿ ತೊಳೆದಿದ್ದಾನಲ್ಲ ಎಂದು ಇನ್ನೂ ಸಂತೋಷವಾಯಿತು. ಅವನು ಯಾವತ್ತೂ ಪಾತ್ರೆ ತೊಳೆದವನಲ್ಲ.

ಆ ವಾರವೇ ಒಂದು ಮಧ್ಯಾಹ್ನ ಊಟ ಮುಗಿಯಿತು. ಸೀಮ್ ಎಂದಿನ ಹಾಗೆ ಬೈಬಲ್ ತೆಗೆದು ಓದಿದ. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಎಳೆದುಕೊಂಡ. ಓದು ಮುಗಿದು ಇಬ್ಬರೂ ತಲೆ ತಗ್ಗಿಸಿ ಕೂತರು. ಮನೆ ನಿಶ್ಶಬ್ದವಾಗಿತ್ತು. ಪೂರಾ ನಿಶ್ಶಬ್ದ.

ನೇಲ್ಚೆ ತಲೆ ಎತ್ತಿದಳು. ಎದ್ದು ಹೋಗಿ ಅವನ ಎದೆಗೆ ಕಿವಿ ಇಟ್ಟಳು. ಟಿಕ್ ಇರಲಿಲ್ಲ. ಒಳಗೆ ಏನೋ ಮೆತ್ತಗೆ ತಡವರಿಸುತ್ತಿತ್ತು. ಗಡಿಯಾರವನ್ನು ಒದ್ದೆ ಚೀಲದಲ್ಲಿ ಸುತ್ತಿಟ್ಟ ಹಾಗೆ.

"ಯಾವಾಗಿಂದ ಹೀಗಿದೆ?"

"ಏನು?"

"ನಿನ್ನ ಸದ್ದು ನಿಂತಿದೆ, ಸೀಮ್."

"ನಿನಗೆ ವಯಸ್ಸಾಯ್ತು, ಕಿವಿ ಮಂದ," ಎಂದ. ಹೇಳುವಷ್ಟರಲ್ಲಿ ಬೆವರಿದ್ದ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಪರದೆಯ ಮೇಲೆ ಹೃದಯ ತೋರಿಸಿದರು. ಎರಡು ರೆಕ್ಕೆಯಲ್ಲಿ ಒಂದು ಆಡುತ್ತಿತ್ತು, ಇನ್ನೊಂದು ಅಂಟಿಕೊಂಡು ನಿಂತಿತ್ತು. ರಕ್ತ ಹೆಪ್ಪುಗಟ್ಟಿದೆ, ಎದೆ ತೆರೆದು ಇದನ್ನು ತೆಗೆಯಬೇಕು, ಬೇರೆ ಹಾಕಬೇಕು, ಈ ಸಲ ಹಂದಿಯದು ಹಾಕುತ್ತೇವೆ ಎಂದರು ಡಾಕ್ಟರು. ಮೊದಲಿನ ಸಲದ ಹಾಗಲ್ಲ, ಹೃದಯ ಬಳಲಿದೆ, ಅಪಾಯವಿದೆ ಎಂದೂ ಹೇಳಿದರು. ಆನ್ನೆಕೆ ಕೂಸನ್ನು ಗಂಡನ ಕೈಗೆ ಕೊಟ್ಟು ಓಡಿ ಬಂದಿದ್ದಳು.

"ಮಾತ್ರೆ ತಪ್ಪಿಸಿದ್ರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ," ಎಂದ ಸೀಮ್.

"ಊಟದಲ್ಲಿ ಏನಾದ್ರೂ ಬದಲಾಗಿತ್ತಾ?"

ಎಲ್ಲರೂ ನೇಲ್ಚೆಯ ಕಡೆ ತಿರುಗಿದರು.

"ಅಮ್ಮ, ಆ ಡಬ್ಬಿಗಳಲ್ಲಿ ಏನು ತುಂಬಿಟ್ಟಿದ್ದೆ?" ಎಂದಳು ಆನ್ನೆಕೆ.

"ಕ್ಯಾರೆಟ್. ಬಿಳಿ ಅವರೆ. ಆಲೂಗಡ್ಡೆ."

"ನಿಜ ಹೇಳು."

ಆಗ ಸೀಮ್ ಮಗಳ ಕೈ ಹಿಡಿದುಕೊಂಡ. "ಅಮ್ಮನ್ನ ಏನೂ ಅನ್ಬೇಡ. ಬೇಕು ಅಂತ ಮಾಡಿರಲ್ಲ. ಪಾಪ, ಅವಳಿಗೇನು ಗೊತ್ತಾಗತ್ತೆ."

ಆನ್ನೆಕೆ ಅತ್ತಳು. ಇಂಥ ಒಳ್ಳೆಯ ಗಂಡ ಎಂಬ ಹಾಗೆ ನರ್ಸು ನೋಡಿದಳು. ಸೀಮ್ ದೂರಿದ್ದರೆ ನೇಲ್ಚೆ ಜಗಳ ಆಡುತ್ತಿದ್ದಳು. ಅವನು ಕ್ಷಮಿಸಿದ್ದ.

ಅವನನ್ನು ಸಿದ್ಧಮಾಡುತ್ತಿದ್ದಾಗ ಟ್ರೀನ್ ಬಂದಳು. ಕೋಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದಳು. ತಂಗಿಯನ್ನು ನೀರಿನ ನಲ್ಲಿ ಇದ್ದ ಮೂಲೆಗೆ ಎಳೆದುಕೊಂಡು ಹೋದಳು.

"ಬದುಕ್ತಾನಾ?"

"ಗೊತ್ತಿಲ್ಲ."

"ನೇಲ್, ನನ್ನ ಮನೇಲಿ ಉಂಡ."

"ಯಾವತ್ತು?"

"ನೀನು ಇಲ್ಲದಾಗ. ದಿನಾ."

ನೇಲ್ಚೆ ಅವಳ ಮುಖ ನೋಡಿದಳು. "ಏನು ಹಾಕಿದೆ?"

ಟ್ರೀನ್ ತಪ್ಪಾಗಿ ಹಾಕಿದ ಗುಂಡಿಗಳನ್ನು ಬಿಚ್ಚತೊಡಗಿದಳು. ಹೇಳುವ ಅಗತ್ಯವೂ ಇರಲಿಲ್ಲ. ಹಿಮ ಬಿದ್ದು ಮೂರು ವಾರವಾಗಿತ್ತು.

"ನಾನು ಮಾಡಿಟ್ಟಿದ್ದು?"

"ಕೋಳಿಗೆ ಹಾಕಿದ್ವಿ."

"ಡಬ್ಬಿ ತೊಳೆದೋಳು ನೀನೇ."

"ಅವನಿಗೆ ತೊಳೆಯೋಕೆ ಬರತ್ತಾ?" ಎಂದಳು ಟ್ರೀನ್. ಆಮೇಲೆ ಅಳತೊಡಗಿದಳು.

"ಮುಂಚೆ?"

"ಗುರುವಾರ. ಎಲ್ಲ ಗುರುವಾರ ಅಲ್ಲ. ಅವನಿಗೆ ಆಸೆ ಆದಾಗ. ರಿಯಾ ಬಂದು ಹೋದ ಮೇಲೆ ಬರ್ತಿದ್ದ. ಎಷ್ಟು ಚಳಿಗಾಲ ಅಂತ ಕೇಳ್ಬೇಡ. ಬಾಗಿಲಲ್ಲಿ ನಿಂತು, ನಿಮ್ಮಮ್ಮ ಮಾಡ್ತಿದ್ದ ಹಾಗೆ ಮಾಡು ಅಂತ ಕೇಳೋನು. ಇಲ್ಲ ಅನ್ನೋಕಾಗ್ಲಿಲ್ಲ. ಬೇರೆ ಏನೂ ಇಲ್ಲ ನೇಲ್, ದೇವರ ಮೇಲೆ ಆಣೆ. ಉಣ್ತಿದ್ದ, ಹೋಗ್ತಿದ್ದ. ಆನ್ನೆಕೆಗೆ ಹೇಳ್ಬೇಡ. ಇಂಥ ಹೊತ್ತಲ್ಲಿ ಅಪ್ಪನ ಹೆಸರು ಯಾಕೆ ಕೆಡಿಸ್ತೀಯ."

ಬೇರೆ ಏನೂ ಇಲ್ಲವಂತೆ. ಬೇರೆ ಇದ್ದಿದ್ದರೆ ನೇಲ್ಚೆಗೆ ಇಷ್ಟು ನೋಯುತ್ತಿರಲಿಲ್ಲ. ಹಾಸಿಗೆಯ ಕಳ್ಳತನ ಜಗತ್ತಿನಲ್ಲಿ ಇದ್ದದ್ದೇ. ಇದು ತಟ್ಟೆಯ ಕಳ್ಳತನ. ಇಷ್ಟು ವರ್ಷ ಅವಳು ತನ್ನ ಬಾಯಿ ಕಟ್ಟಿದ್ದು, ಕಿಟಕಿ ಹಾಕಿಕೊಂಡಿದ್ದು, ಡಾಕ್ಟರ ಮುಂದೆ ತಲೆ ತಗ್ಗಿಸಿದ್ದು, ಎಲ್ಲವೂ ಅಕ್ಕನ ಕೋಳಿಗೆ ಹೋಯಿತು. ಉಂಡವನು ಅವನು, ಹಾಕಿದವಳು ಅಕ್ಕ, ಅಪವಾದ ತನಗೆ.

ಒಳಗೆ ಹೋದಳು. ಸೀಮ್ ಒಬ್ಬನೇ ಇದ್ದ. ಅವಳ ಮುಖ ನೋಡಿದ ಕೂಡಲೇ ತಿಳಿದುಕೊಂಡ.

"ಟ್ರೀನ್ ಬಂದಿದ್ಲಾ?"

"ಬಂದಿದ್ಲು."

ಅವನು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಅಲ್ಲಿ ಯಾರೂ ನನ್ನ ಎದೆಗೆ ಕಿವಿ ಕೊಟ್ಟು ಕೂತಿರ್ತಿರಲಿಲ್ಲ, ನೇಲ್. ಒಂದು ಹೊತ್ತು ಮನುಷ್ಯನ ಹಾಗೆ ಉಣ್ಣೋಣ ಅನ್ಸೋದು."

"ಅಲ್ಲಿ ನೀನು ಉಂಡೆ. ಇಲ್ಲಿ ನಾನು ಬೈಸಿಕೊಂಡೆ."

"ಹೌದು."

"ರಿಯಾ ನನ್ನ ಕೇಳ್ತಿದ್ದಾಗ ಎದುರಿಗೇ ಕೂತಿದ್ದೆ."

"ಕೂತಿದ್ದೆ."

"ಆನ್ನೆಕೆ ಹೊರಗಿದ್ದಾಳೆ. ಕರೀತೀನಿ. ನಿನ್ನ ಬಾಯಿಂದಲೇ ಹೇಳು. ಅಮ್ಮ ಹಾಕಲಿಲ್ಲ ಅಂತ. ಅಷ್ಟು ಸಾಕು."

ಸೀಮ್ ಕಣ್ಣು ಮುಚ್ಚಿದ. "ಈಗ ಬೇಡ. ಒಳಗೆ ಹೋಗೋ ಮುಂಚೆ ಅವಳ ಕಣ್ಣಲ್ಲಿ ಸಣ್ಣೋನಾಗೋಕೆ ಆಗಲ್ಲ. ಬಂದ ಮೇಲೆ ಹೇಳ್ತೀನಿ."

"ಬರದಿದ್ರೆ?"

"ಬರ್ತೀನಿ."

ಮಂಚ ತಳ್ಳಿಕೊಂಡು ಹೋದರು. ನೇಲ್ಚೆ ಅವನ ಕೈ ಹಿಡಿಯಲಿಲ್ಲ. ಹಿಡಿಯಬೇಕೆಂದು ಅವನು ಕೈ ಚಾಚಿದ್ದ.

ಅವನು ಬರಲಿಲ್ಲ. ಹೊಸ ಕವಾಟ ಹೊಲಿದರು, ಅದು ಸರಿಯಾಗಿಯೇ ಕೂತಿತು. ಹೃದಯ ಮಾತ್ರ ಮತ್ತೆ ಕೆಲಸ ಹಿಡಿಯಲಿಲ್ಲ. ಎರಡು ದಿನ ಯಂತ್ರಗಳು ಓಡಿಸಿದವು. ಆಮೇಲೆ ಅವನ್ನೂ ನಿಲ್ಲಿಸಿದರು. ನೇಲ್ಚೆ ಪಕ್ಕದಲ್ಲಿದ್ದಳು. ಅವನ ಹಣೆಯ ಮೇಲೆ ಕೈ ಇಟ್ಟಳು. ಅಷ್ಟು ವರ್ಷ ಬಾಳಿದ ಗಂಡ. ಅವನ ಮೇಲೆ ಸಿಟ್ಟಿತ್ತು. ಅವನಿಲ್ಲದೆ ಮನೆಗೆ ಹೋಗುವುದು ಹೇಗೆ ಎಂದೂ ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಎದೆಯಲ್ಲಿದ್ದವು, ಒಂದು ಇನ್ನೊಂದಕ್ಕೆ ಜಾಗ ಬಿಡಲಿಲ್ಲ.

ಮಣ್ಣು ಮಾಡಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಕಾಫಿ, ಕೇಕಿನ ಚೂರು. ಊರಿಗೆ ಊರೇ ಬಂದಿತ್ತು. ಕೇಸ್ ಇದ್ದ. ಟ್ರೀನ್ ಕಾಫಿ ಬಗ್ಗಿಸುತ್ತಿದ್ದಳು, ಮನೆಯವಳ ಹಾಗೆ. ಆನ್ನೆಕೆ ಅಮ್ಮನ ಪಕ್ಕ ಕೂತಿದ್ದಳು, ಆದರೆ ಕುರ್ಚಿಯನ್ನು ಒಂದು ಮೊಳ ದೂರ ಎಳೆದುಕೊಂಡಿದ್ದಳು. ಮೂರು ದಿನದಿಂದ ಅಗತ್ಯಕ್ಕಷ್ಟೇ ಮಾತು.

ರಿಯಾ ಬಂದು ನೇಲ್ಚೆಯ ಕೈ ಹಿಡಿದುಕೊಂಡಳು. "ಊಟದ ವಿಷಯ ಮನಸ್ಸಿಗೆ ಹಚ್ಕೋಬೇಡಿ, ನೇಲ್ಚೆ ಅವರೇ. ನಿಮಗೆ ತಿಳಿದಷ್ಟು ಮಾಡಿದ್ರಿ."

ನೇಲ್ಚೆ ಕೈ ಬಿಡಿಸಿಕೊಂಡಳು. ಕೂಗಲಿಲ್ಲ. ಕೋಸಿನ ಕೊಟ್ಟಿಗೆಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದಳು.

"ನಾನು ಹಾಕಲಿಲ್ಲ. ನನ್ನ ಮನೇಲಿ ಗುಂಗುರು ಕೋಸು ಬೆಂದು ಎಷ್ಟೋ ವರ್ಷ ಆಯ್ತು. ಅವನು ಟ್ರೀನ್ ಮನೇಲಿ ಉಣ್ತಿದ್ದ. ನಾನು ಮಗಳ ಬಾಣಂತನಕ್ಕೆ ಹೋದಾಗ ದಿನಾ ಅಲ್ಲೇ ಉಂಡ. ನಾನು ಮಾಡಿಟ್ಟಿದ್ದು ಅವಳ ಕೋಳಿ ತಿಂದವು."

ಸಭಾಂಗಣದಲ್ಲಿ ಚಮಚದ ಸದ್ದು ನಿಂತಿತು. ಆನ್ನೆಕೆ ಮುಖ ಕೆಂಪಾಗಿ ಎದ್ದಳು.

"ಅಮ್ಮ, ಸತ್ತೋರು ಉತ್ತರ ಕೊಡಲ್ಲ ಅಂತ..."

ಸುತ್ತ ನೋಡಿದಳು. ಯಾರೂ ಆಶ್ಚರ್ಯಪಟ್ಟಿರಲಿಲ್ಲ. ಬ್ರೆಡ್ ಅಂಗಡಿಯವನು ತನ್ನ ಬೂಟು ನೋಡುತ್ತಿದ್ದ. ಪಕ್ಕದ ಮನೆಯವಳು ಬಟ್ಟಲಿನ ತಳ ನೋಡುತ್ತಿದ್ದಳು. ಸೇತುವೆ ದಾಟಿ ಹೋಗುವವನನ್ನು ಇಡೀ ಬೀದಿ ನೋಡಿತ್ತು. ನೋಡದೆ ಉಳಿದವಳು ಒಬ್ಬಳೇ, ಕಿಟಕಿ ಹಾಕಿಕೊಂಡು ಕೂತವಳು.

"ಕೇಸ್ ಮಾಮ," ಎಂದಳು ಆನ್ನೆಕೆ, "ಗುರುವಾರ ಅಪ್ಪ ಬಿಲಿಯರ್ಡ್ಸ್‌ಗೆ ಬರ್ತಿದ್ರಲ್ವಾ?"

ಕೇಸ್ ಕೇಕನ್ನು ತಟ್ಟೆಗೆ ಇಟ್ಟ. "ಬರ್ತಿದ್ದ ಮಗೂ." ಗಂಟಲು ಸರಿಮಾಡಿಕೊಂಡ. "ಊಟ ಆದ್ಮೇಲೆ."

"ನಿಮಗೆ ಗೊತ್ತಿತ್ತಾ?"

"ನಾವು ತಮಾಷೆ ಅಂದ್ಕೊಂಡಿದ್ವಿ. ಗಂಡಸರು ಹೆಂಡ್ತಿ ಕಣ್ಣು ತಪ್ಪಿಸೋದು ಇದ್ದದ್ದೇ ಅಲ್ವಾ."

ರಿಯಾಳ ಮುಖ ಬಿಳಿಚಿತ್ತು. "ಯಾರಾದ್ರೂ ಒಬ್ರು ನನಗೆ ಹೇಳಿದ್ರೆ ಸಾಕಿತ್ತು," ಎಂದಳು. "ಅದು ವಿಷ ಅಲ್ಲ. ತಿಂತಾರೆ ಅಂತ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಮಾತ್ರೆ ಕೊಡ್ತಿದ್ವಿ. ಗೊತ್ತಿಲ್ಲದೆ ಕತ್ತಲಲ್ಲಿ ಹೆಚ್ಚು ಕಡಿಮೆ ಮಾಡಿದ್ವಿ."

ಟ್ರೀನ್ ಕಾಫಿಯ ಕೂಜಾ ಮೇಜಿನ ಮೇಲಿಟ್ಟಳು. ತಂಗಿಯ ಕಡೆ ಒಂದು ಹೆಜ್ಜೆ ಬಂದಳು. ನೇಲ್ಚೆ ನೋಡಲಿಲ್ಲ. ಟ್ರೀನ್ ಕೋಟು ತೆಗೆದುಕೊಂಡು ಹೊರಗೆ ಹೋದಳು. ಯಾರೂ ತಡೆಯಲಿಲ್ಲ.

ಆನ್ನೆಕೆ ಕೂತಳು. ಮೆಲ್ಲಗೆ ಕೇಳಿದಳು. "ಇವತ್ತೇ ಹೇಳ್ಬೇಕಿತ್ತಾ ಅಮ್ಮ? ಅಪ್ಪನ್ನ ಈಗ ತಾನೇ ಮಲಗಿಸಿ ಬಂದಿದೀವಿ."

"ನಾಳೆ ಇವರೆಲ್ಲ ಒಂದೇ ಕಡೆ ಸಿಕ್ತಿರಲಿಲ್ಲ," ಎಂದಳು ನೇಲ್ಚೆ.

ಮಗಳು ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಲಿಲ್ಲ. ಆದರೆ ಹೊರಡುವಾಗ ಅಮ್ಮನ ಕೋಟು ತಂದು ಹಿಡಿದಳು. ನೇಲ್ಚೆ ತೋಳು ತೂರಿಸಿದಳು. ಇಬ್ಬರೂ ಟ್ರೀನಳ ಮನೆಯ ಮುಂದೆ ಹಾಯದೆ, ಹೊಲದ ಅಂಚಿನ ಸುತ್ತು ದಾರಿ ಹಿಡಿದು ನಡೆದರು.